ಪಾಲಾದ ಮನೆಗಳ ಲೆಕ್ಕ

ತಂಗಿಯ ಮಗಳ ಮದುವೆ ನಿಶ್ಚಯವಾದ ಮೂರನೆಯ ದಿನ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಾನು ದಾವಣಗೆರೆಯಿಂದ ಹರಿಹರಕ್ಕೆ ಹೊರಟೆ. ಚೀಲದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಎರಡು ಪೆನ್ನು, ಅಡಿಪಟ್ಟಿ, ಮಧ್ಯಾಹ್ನದ ಬಿ.ಪಿ. ಮಾತ್ರೆ ಇದ್ದವು. ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಎಂಟೂ ಹತ್ತಕ್ಕೆ ತಂಗಿಯ ಮನೆಯ ಬಾಗಿಲಲ್ಲಿದ್ದೆ. ಮದುವೆಯ ಖರ್ಚಿನ ಅಂದಾಜು ಅವತ್ತೇ ಮುಗಿಯಬೇಕೆಂಬುದು ನನ್ನ ಲೆಕ್ಕವಾಗಿತ್ತು.

ಮೂವತ್ತೊಂದು ವರ್ಷ ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಐದೂವರೆಗೆ ಏಳುವ ಗಂಟೆ, ಏಳಕ್ಕೆ ತಿಂಡಿ, ಎಂಟೂವರೆಗೆ ಬಾಗಿಲಿಗೆ ಬೀಗ. ನೂರಾ ಎಂಬತ್ತು ಹುಡುಗಿಯರಿಗೆ ಎಷ್ಟು ಅಕ್ಕಿ, ಯಾವ ಹಬ್ಬಕ್ಕೆ ಎಷ್ಟು ಮಂದಿ ಊರಿಗೆ ಹೋಗುತ್ತಾರೆ, ಹೋಗದವರಿಗೆ ಎಷ್ಟು ಬೆಲ್ಲ ಎಂಬುದು ನನಗೆ ಚೀಟಿ ನೋಡದೆ ಗೊತ್ತಿರುತ್ತಿತ್ತು. ಮದುವೆಯಾಗಲಿಲ್ಲ, ಹಾಸ್ಟೆಲಿನ ಹಿಂದಿನ ಎರಡು ಕೋಣೆಯಲ್ಲೇ ಇದ್ದೆ. ನಿವೃತ್ತಿಯಾದ ಮೇಲೆ ದಾವಣಗೆರೆಯಲ್ಲೇ ಸಣ್ಣದೊಂದು ಬಾಡಿಗೆ ಮನೆ ಹಿಡಿದೆ. ಹೀಗಾಗಿ ನಮ್ಮ ಕುಟುಂಬದಲ್ಲಿ ಯಾರಿಗೇ ಲೆಕ್ಕ ಬೇಕಾದರೂ ನನ್ನ ಕಡೆ ನೋಡುವುದು ರೂಢಿ.

ತಂಗಿ ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಗಂಡ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದವನು, ನಾಲ್ಕು ವರ್ಷದ ಹಿಂದೆ ಹೃದಯಾಘಾತದಿಂದ ಹೋದ. ಇರುವುದು ಒಬ್ಬಳೇ ಮಗಳು. ಅವಳು ದಾವಣಗೆರೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಗಂಡ ಬಿಟ್ಟುಹೋದ ಹಣ, ತಂಗಿ ಕೂಡಿಟ್ಟದ್ದು ಎಲ್ಲ ಸೇರಿ ಹದಿನಾಲ್ಕು ಲಕ್ಷ ಬ್ಯಾಂಕಿನಲ್ಲಿತ್ತು. ಅದರಲ್ಲಿ ಮದುವೆ ಆಗಬೇಕು. ಅದರಲ್ಲೇ ಅವಳ ಎರಡೂ ಮೊಣಕಾಲಿನ ಆಪರೇಷನ್ನೂ ಆಗಬೇಕು.

ಮೊಣಕಾಲಿನದು ಬೇಕೋ ಬೇಡವೋ ಎಂಬ ಮಾತಾಗಿರಲಿಲ್ಲ. ಮೂಳೆ ಸವೆದಿದೆ, ಎರಡೂ ಬದಲಿಸಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದ್ದರು. ತಂಗಿಯ ಮನೆ ಮೊದಲ ಮಹಡಿಯಲ್ಲಿ. ಹದಿನೇಳು ಮೆಟ್ಟಿಲು. ಅವಳು ಏಣಿ ಇಳಿಯುವವರ ಹಾಗೆ ಗೋಡೆಯ ಕಡೆ ಮುಖ ಮಾಡಿ, ಕಂಬಿ ಹಿಡಿದು, ಹಿಂದುಹಿಂದಾಗಿ ಇಳಿಯುತ್ತಿದ್ದಳು. ಹಾಲಿನವನು ಕೂಗಿದರೆ ಕೆಳಗೆ ಹೋಗುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಮೇಲಿಂದ ಹಗ್ಗದಲ್ಲಿ ಚೀಲ ಬಿಡುತ್ತಿದ್ದಳು.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ನಾನು ಬರೆದದ್ದು, ಮೊಣಕಾಲು ಎರಡು, ನಾಲ್ಕೂವರೆ ಲಕ್ಷ. ಕೆಳಗೆ ಅಡಿಪಟ್ಟಿ ಇಟ್ಟು ಕೆಂಪು ಗೀಟು ಎಳೆದೆ.

ತಂಗಿ ಬಗ್ಗಿ ನೋಡಿದಳು. "ಅಕ್ಕ, ಮದ್ವಿ ಪಟ್ಟಿಯಾಗೆ ಮೊದ್ಲಿಗೆ ಯಾರಾದ್ರೂ ಕಾಲು ಬರೀತಾರಾ? ಅರಿಷಿಣ ಕುಂಕುಮ ಅಂತ ಬರೀಬೇಕು."

"ಅರಿಷಿಣ ಕುಂಕುಮ ನೂರು ರೂಪಾಯಿದು. ಕೊನಿಗೆ ಬರೀತೀನಿ."

"ದೊಡ್ಡಮ್ಮ ಸರಿಯಾಗೇ ಮಾಡ್ಯಾಳೆ," ಎಂದಳು ಮಗಳು, ಕೆಲಸಕ್ಕೆ ಹೊರಡುತ್ತ ಜಡೆಗೆ ಪಿನ್ನು ಹಾಕಿಕೊಳ್ಳುತ್ತ. "ಅದನ್ನ ಮುಟ್ಟಂಗಿಲ್ಲ. ಮುಟ್ಟಿದ್ರೆ ನಾನು ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಮಾಡಿ ಬರ್ತೀನಿ, ನೋಡ್ರಿ."

"ಹೋಗು ಹೋಗು, ಬಸ್ಸು ಹೋಗ್ತೈತೆ," ಎಂದಳು ತಂಗಿ.

ಕೆಂಪು ಗೀಟಿನ ಕೆಳಗೆ ಉಳಿದದ್ದು ಒಂಬತ್ತೂವರೆ ಲಕ್ಷ. ನನ್ನದು ಎರಡು, ಮಗಳು ಸಂಬಳದಲ್ಲಿ ಉಳಿಸಿದ್ದು ಒಂದೂವರೆ. ಒಟ್ಟು ಹದಿಮೂರು. ನನ್ನ ಕೈಯಲ್ಲಿ ಅದಕ್ಕಿಂತ ಹೆಚ್ಚಿರಲಿಲ್ಲ. ಹಾಸ್ಟೆಲಿನ ಪಿಂಚಣಿ ದೊಡ್ಡದೇನಲ್ಲ. ಚಿನ್ನ, ಬಟ್ಟೆ, ಪಾತ್ರೆ, ಊಟ, ಹೂವು, ಫೋಟೋ, ವಾಹನ ಎಂದು ಒಂದೊಂದಕ್ಕೂ ಒಂದೊಂದು ಪುಟ ಹಾಕಿದೆ. ಊಟ ಮತ್ತು ಆಯೇರಿಗೆ ಮಾತ್ರ ಮನೆಗಳ ಲೆಕ್ಕ ಬೇಕಿತ್ತು. ಆಯೇರಿ ಎಂದರೆ ಹತ್ತಿರದ ಮನೆಯವರಿಗೆ ಮದುವೆಯಲ್ಲಿ ಕೊಡುವ ಬಟ್ಟೆ. ಹೆಂಗಸಿಗೆ ಸೀರೆ, ಗಂಡಸಿಗೆ ಪಂಚೆಯೋ ಅಂಗಿಯ ಬಟ್ಟೆಯೋ. ಅವರ ಮನೆಯಲ್ಲಿ ಮದುವೆಯಾದಾಗ ನಮಗೆ ಬಂದಿರುತ್ತದೆ, ನಮ್ಮಲ್ಲಿ ಆದಾಗ ಅವರಿಗೆ ಹೋಗಬೇಕು. ನಮ್ಮ ಕಡೆ ಇದನ್ನು ಬಿಟ್ಟು ಮದುವೆ ಮಾಡಿದವರನ್ನು ನಾನು ಕಂಡಿಲ್ಲ.

ಅದಕ್ಕೆ ನನ್ನಲ್ಲಿ ದಾಖಲೆ ಇತ್ತು. ತಂಗಿಯ ಮದುವೆಗೆ ಅಪ್ಪ ಬರೆದ ಪಟ್ಟಿ. ಮೂವತ್ತು ವರ್ಷದ ಹಾಳೆ, ಮಡಿಕೆಯಲ್ಲಿ ಹರಿಯದ ಹಾಗೆ ನಾನು ಹಿಂದೆ ಅಂಟುಕಾಗದ ಹಚ್ಚಿಟ್ಟಿದ್ದೆ. ಕೊಂಡಜ್ಜಿ ಊರಿನ ದೊಡ್ಡಪ್ಪನ ಮನೆ ಒಂದು, ಬಾತಿ ಊರಿನ ಸೋದರಮಾವನ ಮನೆ ಒಂದು, ಹೀಗೆ ನಲವತ್ತಾರು ಮನೆ. ಮನೆಗೆ ಎರಡು ಸಾವಿರದ ಇನ್ನೂರರಂತೆ ಆಯೇರಿ ಒಂದು ಲಕ್ಷ ಚಿಲ್ಲರೆ. ಮನೆಗೆ ಹತ್ತು ಎಲೆ, ಅದಕ್ಕೆ ಓಣಿಯವರು, ಕಾರ್ಖಾನೆಯವರು, ಲ್ಯಾಬಿನವರು ಸೇರಿ ಏಳು ನೂರು ಎಲೆ.

"ನಲವತ್ತಾರು ಮನಿ. ಸರಿ ಐತಲ್ಲ?" ಎಂದು ಕೇಳಿದೆ.

ತಂಗಿ ಒಲೆಯ ಕಡೆ ಎದ್ದಳು. ಏಳುವುದಕ್ಕೆ ಕುರ್ಚಿಯ ಎರಡೂ ಕೈ ಹಿಡಿದು ಮೂರು ಸಲ ಜೀಕಬೇಕಾಯಿತು. "ನೀ ಬರದಿದ್ದು ಸರೀನೇ ಇರ್ತೈತೆ ಬಿಡು. ಹಾಲು ಉಕ್ತೈತೆ," ಎಂದಳು.

ಸಂಜೆ ನಾಲ್ಕಕ್ಕೆ ಕೂಡಿಸಿದಾಗ ಹನ್ನೆರಡು ಲಕ್ಷದ ಹತ್ತು ಸಾವಿರ ಬಂತು. ತೊಂಬತ್ತು ಸಾವಿರ ಕೈಮೀರಿದ ಖರ್ಚಿಗೆ ಎಂದು ಬರೆದು ಪುಸ್ತಕ ಮುಚ್ಚಿದೆ. ಐದರ ಬಸ್ಸಿಗೆ ವಾಪಸು ಬಂದೆ. ಅವತ್ತು ನನಗೆ ಸಮಾಧಾನವಾಗಿತ್ತು.

ಬೀಗರದು ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲ ಮತ್ತು ಬೇಳೆಯ ಸಗಟು ಅಂಗಡಿ. ಮುಂದಿನ ವಾರ ಅಲ್ಲಿಗೆ ನಾನೊಬ್ಬಳೇ ಹೋದೆ. ಮೂಟೆಗಳ ನಡುವೆ ಒಂದು ಕುರ್ಚಿ ಹಾಕಿಸಿ, ಗಂಡಿನ ತಂದೆ ಮಂಡಕ್ಕಿ ಮಿರ್ಚಿ ತರಿಸಿದರು. ನನಗೆ ಎಣ್ಣೆಯದು ಆಗದು ಎಂದೆ.

"ನಮ್ದೇನೂ ಕೇಳಾದು ಇಲ್ರಿ ಅಕ್ಕಾರೆ. ಹುಡುಗಿ ಬಂದ್ರೆ ಸಾಕು."

"ಹಂಗಂತ ಎಲ್ಲಾರೂ ಅಂತಾರೆ. ನೀವು ಬಾಯಿಬಿಟ್ಟು ಹೇಳ್ರಿ, ನಾನು ಬರ್ಕೋತೀನಿ."

ಅವರು ನಕ್ಕು ಗಲ್ಲೆಯ ಹಿಂದಿನ ತಮ್ಮ ಹೆಂಡತಿಯ ಕಡೆ ನೋಡಿದರು. "ನೋಡೇ, ವಸೂಲಿಗೆ ಬಂದಂಗೆ ಬಂದಾರೆ." ಆಮೇಲೆ ಗಂಭೀರವಾಗಿ, "ಮಂಟಪದ ಬಾಡಿಗಿ ನಮ್ದು. ಊಟ ನಿಮ್ದು. ಒಂದೇ ದಿನದ ಮದ್ವಿ. ಆಯ್ತಾ? ಇನ್ನೇನಾದ್ರೂ ನಮ್ಮ ಮಂದಿ ಬಂದು ಅಂದ್ರೆ ನನ್ನ ಹತ್ರ ಕಳಿಸ್ರಿ," ಎಂದರು.

ಹೀಗೆ ಬೀಗರಿಂದ ನಮಗೆ ಏನೂ ತೊಂದರೆಯಾಗಲಿಲ್ಲ. ಇದನ್ನು ಬರೆದಿಡಬೇಕು, ಯಾಕೆಂದರೆ ಹಣ ಕಡಿಮೆ ಬಿದ್ದಾಗ ಬೀಗರನ್ನು ಬೈಯುವುದು ಸುಲಭ. ನಮಗೆ ಆ ಅನುಕೂಲ ಇರಲಿಲ್ಲ.

ಚಿನ್ನ ಮೊದಲ ಪೆಟ್ಟು ಕೊಟ್ಟಿತು. ನಾನು ಅಂದಾಜು ಬರೆದ ದಿನಕ್ಕೂ ಅಂಗಡಿಗೆ ಹೋದ ದಿನಕ್ಕೂ ನಡುವೆ ದರ ಏರಿ, ತೊಂಬತ್ತು ಸಾವಿರದಲ್ಲಿ ಎಂಬತ್ತು ಅಲ್ಲೇ ಹೋಯಿತು. ಇರಲಿ, ಕೈಮೀರಿದ ಖರ್ಚು ಎಂದು ಇಟ್ಟದ್ದೇ ಅದಕ್ಕೆ, ಎಂದುಕೊಂಡೆ.

ಕರೆಯುವುದಕ್ಕೆ ಶುರು ಮಾಡಿದ್ದು ಕೊಂಡಜ್ಜಿಯಿಂದ. ನಮ್ಮಲ್ಲಿ ಹಿರಿಯರ ಮನೆಯನ್ನು ಮೊದಲು ಕರೆಯಬೇಕು, ಮನೆಗೇ ಹೋಗಿ, ಕುಂಕುಮ ಹಚ್ಚಿ, ಪತ್ರಿಕೆ ಕೊಟ್ಟು. ಫೋನಿನಲ್ಲಿ ಪತ್ರಿಕೆ ಕಳಿಸಿದರೆ ಆಗದೇ ಎಂದು ಮಗಳು ಕೇಳಿದ್ದಳು. ಆಗದು. ಬಾಡಿಗೆ ಕಾರಿನಲ್ಲಿ ನಾನು, ತಂಗಿ ಇಬ್ಬರೂ ಹೋದೆವು. ಕೆರೆಯ ಏರಿಯ ಮೇಲೆ ಕಾರು ಹೋಗುವಾಗ ನಾನು ಗಡಿಯಾರ ನೋಡಿಕೊಂಡೆ. ಕೊಂಡಜ್ಜಿಗೆ ಮುಕ್ಕಾಲು ಗಂಟೆ, ಬಾತಿಗೆ ಅರ್ಧ ಗಂಟೆ, ಮಧ್ಯಾಹ್ನದ ಊಟಕ್ಕೆ ಮನೆ.

ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಗಿದೆ. ಅವನ ಹಿರಿಯ ಮಗ, ನಮಗೆ ಅಣ್ಣ, ಎಂಬತ್ತರ ಹತ್ತಿರದವನು, ಕಟ್ಟೆಯ ಮೇಲೆ ಕೂತಿದ್ದ. "ಬರ್ರಿ ಬರ್ರಿ, ಕೂಡ್ರಿ," ಎಂದ. ಅತ್ತಿಗೆ ನೀರು ತಂದಳು. ತಂಗಿ ಕುಂಕುಮ ಹಚ್ಚಿದಳು, ನಾನು ಪತ್ರಿಕೆ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎಂದೆ. ಅಣ್ಣ ಪತ್ರಿಕೆಯನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಟ್ಟು, ಕೈ ಚಾಚಿಯೇ ಇದ್ದ.

"ಇದು ನಂದಾತು. ಉಳಿದವು?"

"ಯಾವ ಉಳಿದವು?"

"ತಮ್ಮಂದಿರವು. ಇಬ್ರಿಗೆ ಎರಡು. ನನ್ನ ದೊಡ್ಡ ಮಗನೂ ಈಗ ಬ್ಯಾರೆ ಒಲಿ ಹಚ್ಯಾನೆ. ಅವಂದೊಂದು."

"ಒಂದೇ ಮನಿ ಅಲ್ಲೇನಣ್ಣ?"

"ಒಂದೇ ಮನಿ ಇತ್ತವ್ವ. ಪಾಲಾಗಿ ಹನ್ನೆರಡು ವರ್ಷಾತು. ನೀ ಹಾಸ್ಟೆಲ್‌ನಾಗೆ ಗಂಟಿ ಹೊಡ್ಕಂತ ಕೂತಿದ್ದಿ, ನಿನಗೆ ಹೆಂಗೆ ಗೊತ್ತಾಗ್ಬೇಕು. ಮದ್ವಿಗೆ ಬಂದ್ರೂ ಅಕ್ಕಿಕಾಳು ಹಾಕಿ ಸಂಜಿ ಬಸ್ಸಿಗೆ ಓಡ್ತಿದ್ದಿ."

ಅವನು ಹೇಳಿದ್ದು ನಿಜ. ತಲೆಯೆತ್ತಿ ನೋಡಿದೆ. ನಾನು ಚಿಕ್ಕಂದಿನಲ್ಲಿ ಆಡಿದ ಅಂಗಳದಲ್ಲಿ ಎದೆಮಟ್ಟದ ಇಟ್ಟಿಗೆ ಗೋಡೆ ಮೂರು ಕಡೆ ಎದ್ದಿತ್ತು. ಒಂದೊಂದು ಭಾಗಕ್ಕೂ ಒಂದೊಂದು ಬಾಗಿಲು, ಒಂದೊಂದು ಗ್ಯಾಸಿನ ಪೈಪು. ಗೋಡೆಯಾಚೆ ಇಬ್ಬರು ಹೆಂಗಸರು ನಿಂತು, ನಾವು ಯಾರ ಬಾಗಿಲಿಗೆ ಬರುತ್ತೇವೆಂದು ಕಾಯುತ್ತಿದ್ದರು. ಒಲೆ ಬೇರೆಯಾದ ಮೇಲೆ ಅಣ್ಣನನ್ನು ಕರೆದದ್ದು ತಮ್ಮನನ್ನು ಕರೆದ ಹಾಗೆ ಆಗುವುದಿಲ್ಲ. ಬೇರೆ ಪತ್ರಿಕೆ, ಬೇರೆ ಕುಂಕುಮ, ಬೇರೆ ಆಯೇರಿ. ಇದು ನನಗೆ ಗೊತ್ತಿಲ್ಲದ ನಿಯಮವೇನಲ್ಲ. ನನಗೆ ಗೊತ್ತಿಲ್ಲದ್ದು ಗೋಡೆ.

ತಂಗಿ ತನ್ನ ಚೀಲಕ್ಕೆ ಕೈಹಾಕಿ ಇನ್ನೂ ಮೂರು ಪತ್ರಿಕೆ ತೆಗೆದಳು. ಮೂರರ ಮೇಲೂ ಹೆಸರು ಬರೆದಿತ್ತು. ಅವಳ ಕೈಬರಹ.

ನಾಲ್ಕು ಬಾಗಿಲಲ್ಲೂ ನೀರು ಕುಡಿದು, ನಾಲ್ಕು ಕಡೆಯೂ ಚಹಾ ಬೇಡವೆಂದು, ಎರಡು ಕಡೆ ಕುಡಿದು ಹೊರಟಾಗ ಹನ್ನೊಂದೂವರೆ. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಕೇಳಿದೆ. "ನಿನಗೆ ಗೊತ್ತಿತ್ತೇನು?"

"ಗೊತ್ತಿತ್ತು."

"ಬಾತೀದು?"

"ಅದು ಮೂರಾಗೈತೆ."

"ಒಟ್ಟು ಎಷ್ಟು ಮನಿ?"

ಅವಳು ಕಿಟಕಿಯ ಆಚೆ ನೋಡಿಕೊಂಡೇ, "ನೂರಾ ಹದಿನೆಂಟು," ಎಂದಳು. ಎಣಿಸಿಟ್ಟಿದ್ದಳು.

"ಮತ್ತೆ ಅವತ್ತು ಪಟ್ಟಿ ಬರೀವಾಗ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ನೀ ಅಲ್ಲೂ ಒಂದು ಕೆಂಪು ಗೀಟು ಎಳೀತಿದ್ದಿ."

ಡ್ರೈವರು ರೇಡಿಯೋ ಸಣ್ಣದು ಮಾಡಿದ. ನಾನು ನೋಟ್‌ಬುಕ್ಕು ತೆಗೆದು, ಕುಲುಕುವ ಕಾರಿನಲ್ಲೇ ಲೆಕ್ಕ ಹಾಕಿದೆ. ಹೆಚ್ಚಿನ ಮನೆ ಎಪ್ಪತ್ತೆರಡು. ಆಯೇರಿಗೆ ಒಂದು ಲಕ್ಷದ ಐವತ್ತೆಂಟು ಸಾವಿರ ಜಾಸ್ತಿ. ಪಾಲಾದ ಮನೆಗಳು ಚಿಕ್ಕವು, ಮನೆಗೆ ಆರು ಎಲೆ ಎಂದರೂ ಇನ್ನೂರೈವತ್ತು ಎಲೆ ಜಾಸ್ತಿ, ಎಲೆಗೆ ಮುನ್ನೂರರಂತೆ ಎಪ್ಪತ್ತೈದು ಸಾವಿರ. ಒಟ್ಟು ಎರಡು ಲಕ್ಷದ ಮೂವತ್ಮೂರು ಸಾವಿರ. ಉಳಿದಿರುವುದು ಹತ್ತು ಸಾವಿರ.

"ಈ ದುಡ್ಡು ಎಲ್ಲಿಂದ ಬರ್ತೈತೆ ಅಂದ್ಕೊಂಡಿದ್ದಿ?"

ಅವಳು ಎರಡೂ ಅಂಗೈಯಿಂದ ಮೊಣಕಾಲನ್ನು ನೀವಿಕೊಳ್ಳುತ್ತಿದ್ದಳು, ಕಾರಿನಲ್ಲಿ ಮಡಿಸಿ ಕೂತು ಹಿಡಿದುಕೊಂಡಿತ್ತು.

ಮುಂದಿನ ಭಾನುವಾರ ಮೂವರೂ ಕೂತೆವು. ಮಗಳಿಗೆ ನಾನೇ ವಿಷಯ ಹೇಳಿದೆ. ಅವಳು ತಾಯಿಯ ಮೇಲೆ ಕೂಗಾಡಲಿಲ್ಲ. "ಆಯೇರಿನೇ ಬ್ಯಾಡ. ಯಾರಿಗೂ ಬ್ಯಾಡ. ಉಳಿದ ಪತ್ರಿಕೆ ಕೆಳಗೆ ಉಡುಗೊರೆ ಇಲ್ಲ ಅಂತ ಹಾಕಾನ. ಈಗ ಎಷ್ಟು ಜನ ಹಾಕ್ತಾರೆ," ಎಂದಳು.

"ಅವ್ರಿಗೆ ಸೀರಿ ಇಲ್ಲ ಅಂತ ಕೊಡಾದಲ್ಲ," ಎಂದಳು ತಂಗಿ.

"ಮತ್ತೆ ಯಾಕ ಕೊಡಾದು?"

ತಂಗಿ ನನ್ನ ಕಡೆ ತಿರುಗಿದಳು. "ಇವರಪ್ಪ ಹೋದಾಗ ನೀನು ಎರಡು ದಿನ ಇದ್ದು ಹೋದೆ. ತಪ್ಪಲ್ಲ, ಪರೀಕ್ಷೆ ಟೈಮು, ಹುಡುಗೇರನ್ನ ಬಿಟ್ಟು ಬರಾಕೆ ಬರಂಗಿಲ್ಲ, ನನಗೆ ಗೊತ್ತೈತೆ. ಆಮೇಲೆ ಈ ಮನಿಯಾಗೆ ಒಲಿ ಹಚ್ಚಿದ್ದು ಯಾರು ಅಂತ ತಿಳ್ಕೊಂಡಿದ್ದಿ? ಕೊಂಡಜ್ಜಿಯಿಂದ ನಾಲ್ಕೂ ಮನಿಯಿಂದ ಒಂದೊಂದು ದಿನ ಒಬ್ಬೊಬ್ರು ಬಂದ್ರು. ಒಬ್ರಿಗೊಬ್ರು ಮಾತಾಡಲ್ಲ ಅವ್ರು, ಪಾಲಿನ ಜಗಳ. ಅದಕ್ಕೇ ಬ್ಯಾರೆ ಬ್ಯಾರೆ ದಿನ ಬಂದ್ರು. ಬಾತಿಯವರು ರೊಟ್ಟಿ ಬಡಿದು ತಂದ್ರು. ಹನ್ನೊಂದು ದಿನ ನಾನು ಒಂದು ಲೋಟ ತೊಳೀಲಿಲ್ಲ. ಈಗ ಹಿರಿಯನಿಗೊಂದು ಕೊಟ್ಟು ಉಳಿದವರಿಗೆ ನಿಮ್ದೂ ಅದ್ರಾಗೇ ಬಂತು ಅನ್ಲಾ?"

ನನಗೆ ಇದು ಗೊತ್ತಿರಲಿಲ್ಲ. ಯಾರೋ ಬಂದು ಹೋಗುತ್ತಿದ್ದಾರೆ ಎಂದು ಗೊತ್ತಿತ್ತು. ದಿನಾ ಸಂಜೆ ಏಳಕ್ಕೆ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದೆ, ಆಯಿತು ಎನ್ನುತ್ತಿದ್ದಳು. ಅಡುಗೆ ಮಾಡಿದವರು ಯಾರು ಎಂದು ನಾನು ಕೇಳಿರಲಿಲ್ಲ.

ಆದರೂ ಹಣ ಹಣವೇ. ನಾನು ಖರ್ಚು ಕಡಿಮೆ ಮಾಡುವ ಕೆಲಸಕ್ಕೆ ಕೂತೆ. ಡ್ರೋನ್ ಕ್ಯಾಮೆರಾ ತೆಗೆದೆ, ಮಗಳು ಅದನ್ನು ಮೊದಲೇ ಬೇಡ ಎಂದಿದ್ದಳು. ವೇದಿಕೆಯ ಹೂವು ಅರ್ಧ ಮಾಡಿದೆ. ಎರಡು ಸಿಹಿಯಲ್ಲಿ ಒಂದು ತೆಗೆದು ಹೋಳಿಗೆ ಮಾತ್ರ ಉಳಿಸಿದೆ. ಐಸ್‌ಕ್ರೀಮು, ಪಾನ್ ಸ್ಟಾಲು ಹೋದವು. ಸೀರೆಯ ದರ ನೂರು ರೂಪಾಯಿ ಇಳಿಸುವ ಮಾತಿಗೆ ತಂಗಿ ಒಪ್ಪಲಿಲ್ಲ. ಎರಡು ಗಂಟೆ ಗುದ್ದಾಡಿದ ಮೇಲೆ ಅರವತ್ತು ಸಾವಿರ ಉಳಿಯಿತು. ಹತ್ತು ಮೊದಲೇ ಇತ್ತು. ಇನ್ನೂ ಒಂದು ಲಕ್ಷದ ಅರವತ್ಮೂರು ಸಾವಿರ ಬೇಕು.

"ಸಾಲ ಮಾಡಾನ, ನನ್ನ ಸಂಬಳದ ಮೇಲೆ ಕೊಡ್ತಾರೆ," ಎಂದಳು ಮಗಳು.

"ಹೊಸ ಮನಿಗೆ ಹೋಗ್ತಾ ಸಾಲ ಹೊತ್ಕೊಂಡು ಹೋಗ್ತಾರೇನು," ಎಂದು ತಂಗಿ, ನಾನು ಇಬ್ಬರೂ ಒಟ್ಟಿಗೇ ಅಂದೆವು. ಅವತ್ತು ನಾವಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಆಮೇಲೆ ತಂಗಿ ಹೇಳಿದಳು. "ಡಾಕ್ಟ್ರು ಎರಡೂ ಒಟ್ಟಿಗೇ ಮಾಡ್ಬೇಕು ಅಂತ ಏನೂ ಹೇಳಿಲ್ಲ. ಒಂದೊಂದೇ ಮಾಡ್ಬಹುದು ಅಂದಾರೆ. ಒಂದು ಮಾಡಿಸ್ತೀನಿ."

ಮಗಳು ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು.

ನಾನು ಮೊದಲ ಪುಟಕ್ಕೆ ತಿರುಗಿ, ಮೊಣಕಾಲು ಎರಡು ಎಂದಿದ್ದಲ್ಲಿ ಎರಡನ್ನು ಹೊಡೆದುಹಾಕಿ ಒಂದು ಎಂದು ಬರೆದೆ. ನಾಲ್ಕೂವರೆಯಲ್ಲಿ ಒಂದು ಲಕ್ಷದ ಅರವತ್ಮೂರು ಸಾವಿರ ಕಳೆದರೆ ಎರಡು ಲಕ್ಷದ ಎಂಬತ್ತೇಳು ಸಾವಿರ. ಒಂದು ಕಾಲಿಗೆ ಎರಡೂಕಾಲು. ಉಳಿದದ್ದರಲ್ಲಿ ಔಷಧ, ವ್ಯಾಯಾಮ ಹೇಳಿಕೊಡುವವರ ಸಂಬಳ. ಯಾವ ಕಾಲು ಎಂದು ಕೇಳಿದೆ.

"ಎಡಗಾಲು. ಅದು ಹೆಚ್ಚು ನೋಯ್ತೈತೆ," ಎಂದಳು, ತರಕಾರಿ ಆರಿಸುವವರ ಹಾಗೆ.

ಜವಳಿ ತೆಗೆಯಲು ದಾವಣಗೆರೆಗೆ ಬಂದೆವು. ನೂರಕ್ಕೆ ಮೇಲೆ ಸೀರೆ ಎಂದರೆ ಸಗಟು ದರ, ಅದು ಮೊದಲ ಮಹಡಿಯಲ್ಲಿ. ತಂಗಿ ಹತ್ತಲಾರಳು. ನಾನು ಅಂಗಡಿಯವನಿಗೆ, ಒಂದೇ ದರದ್ದು, ಒಂದೇ ಲಾಟಿನದು, ನೂರಿಪ್ಪತ್ತು ಸೀರೆ ಕಟ್ಟಿಬಿಡಿ, ಬಣ್ಣ ಯಾವುದಾದರೂ ಆದೀತು, ರಿಯಾಯಿತಿ ಎಷ್ಟು ಹೇಳಿ ಎಂದೆ. ಅರ್ಧ ಗಂಟೆಯ ಕೆಲಸ.

"ಅಕ್ಕ, ನೀ ಸ್ವಲ್ಪ ಸುಮ್ನಿರು," ಎಂದು ತಂಗಿ ಕೆಳಗಿನ ಗಾದಿಯ ಅಂಚಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತಳು. "ಎಲ್ಲಾ ಕೆಳಗೆ ತರಿಸ್ರಿ."

"ಅಮ್ಮಾ, ಅಷ್ಟೂ ತರಾಕೆ ಆಗಲ್ರಿ. ನಮೂನಿ ತೋರಿಸ್ತೀವಿ," ಎಂದ ಅಂಗಡಿಯವನು.

"ನಮೂನಿ ಉಟ್ಕೊಂತಾರೇನಪ್ಪ? ತರಿಸು."

ತಂದರು. ಅವಳು ಒಂದೊಂದನ್ನೇ ಬಿಚ್ಚಿಸಿದಳು. ಇದು ಬಾತಿ ನಡುವಿನವಳಿಗೆ, ಅವಳು ಹಸಿರು ಉಡಂಗಿಲ್ಲ. ಇದು ಕೊಂಡಜ್ಜಿ ಮೂರನೆಯ ಬಾಗಿಲಿನವಳಿಗೆ, ಮೈ ಬಂದೈತೆ, ದೊಡ್ಡ ಅಂಚು ಬ್ಯಾಡ. ಇದು ಅವಳ ವಾರಗಿತ್ತಿಗೆ, ಇಬ್ಬರಿಗೂ ಒಂದೇ ಥರ ಕೊಟ್ಟರೆ ಇಬ್ಬರೂ ಉಡಂಗಿಲ್ಲ. ಅಂಗಡಿಯವನು ಮೊದಲು ಬೇಸರದಿಂದ ನಿಂತಿದ್ದವನು ಕ್ರಮೇಣ ಕೂತ. ಆಮೇಲೆ ತಾನೇ, "ಅಮ್ಮಾ, ಹಂಗಾದ್ರೆ ಈ ವಾರಗಿತ್ತಿಗೆ ಬದನೆಕಾಯಿ ಬಣ್ಣ ನೋಡ್ರಿ," ಎನ್ನತೊಡಗಿದ. ನಾನು ಪ್ರತಿ ಸೀರೆಗೂ ಚೀಟಿ ಬರೆದು ಗುಂಡುಪಿನ್ನು ಚುಚ್ಚಿದೆ. ಐದೂಕಾಲು ಗಂಟೆ ಹಿಡಿಯಿತು. ಎಪ್ಪತ್ತನೆಯದಕ್ಕೆ ಬರುವಾಗ ನನ್ನ ಬೆರಳು ಮರಗಟ್ಟಿತ್ತು, ಮಾತ್ರೆಯ ಹೊತ್ತು ಮೀರಿತ್ತು. ಮೂವತ್ತೊಂದು ವರ್ಷದಲ್ಲಿ ನಾನು ಹುಡುಗಿಯರಿಗೆ ಹಾಸಿಗೆಯ ಹೊದಿಕೆ ಕೊಂಡದ್ದು ಲಾಟಿನಲ್ಲಿ, ಎಲ್ಲ ನೀಲಿ. ಹಾಗೆ ಕೊಂಡದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಅವತ್ತು ಆ ಅಂಗಡಿಯಲ್ಲಿ ಅವಳನ್ನು ಅವಸರ ಮಾಡಲು ನನಗೆ ಬಾಯಿ ಬರಲಿಲ್ಲ.

ಲೆಕ್ಕಕ್ಕೆ ಹೇಳುವುದಾದರೆ, ರಿಯಾಯಿತಿ ಕಡಿಮೆ ಸಿಕ್ಕಿತು.

ಮದುವೆ ಹರಿಹರದಲ್ಲಿ ಆಯಿತು. ಬೆಳಿಗ್ಗೆ ಒಂಬತ್ತೂ ಇಪ್ಪತ್ತರ ಮುಹೂರ್ತ, ಒಂಬತ್ತೂ ಇಪ್ಪತ್ತಕ್ಕೇ ತಾಳಿ. ಊಟದ ಪಂಕ್ತಿಗಳನ್ನು ನಾನೇ ನೋಡಿಕೊಂಡೆ. ಒಂಬೈನೂರ ನಲವತ್ತು ಎಲೆ ಬಿದ್ದವು, ನನ್ನ ಅಂದಾಜಿಗೆ ಹತ್ತು ಕಡಿಮೆ. ಊಟವಾದ ಮೇಲೆ ಆಯೇರಿ. ಕುರ್ಚಿಯಲ್ಲಿ ಕೂತೇ ಕೊಡು ಎಂದು ನಾನೂ ಮಗಳೂ ಹೇಳಿದೆವು. ನಿಂತು ಕೊಡಬೇಕು ಎಂದಳು. ಒಂದು ಕಡೆ ಕಂಬಕ್ಕೆ ಆತು ನಿಂತು, ನೂರಾ ಹದಿನೆಂಟು ಮನೆಯವರಿಗೂ ತಾನೇ ಕುಂಕುಮ ಹಚ್ಚಿ, ಸೀರೆಯ ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟಳು. ನಾನು ಪಕ್ಕದಲ್ಲಿ ನಿಂತು ಚೀಟಿ ಓದಿ ಓದಿ ಎತ್ತಿಕೊಟ್ಟೆ. ಕೊಂಡಜ್ಜಿಯ ನಾಲ್ವರು ಹೆಂಗಸರೂ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು, ಒಬ್ಬರನ್ನೊಬ್ಬರು ನೋಡದೆ.

"ಅಕ್ಕಾರು ಈ ಸಲ ಸಂಜಿ ಬಸ್ಸಿಗೆ ಓಡ್ಲಿಲ್ಲ," ಎಂದಳು ಅವರಲ್ಲಿ ಮೂರನೆಯವಳು, ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತ.

"ಬಸ್ಸು ಪುಕ್ಕಟೆ ಆಗೈತೆ, ಯಾವಾಗಾದ್ರೂ ಹೋಗ್ಬಹುದು," ಎಂದೆ. ಅವಳು ನಕ್ಕಳು. ಅವಳ ಮುಂದಿದ್ದ ಓರಗಿತ್ತಿಯೂ ತಿರುಗದೆಯೇ ನಕ್ಕಳು.

ಬಂದವರೂ ಬರಿಗೈಲಿ ಬಂದಿರಲಿಲ್ಲ. ತಂಗಿಗೆ ಎಂಬತ್ತಕ್ಕೆ ಮೇಲೆ ಸೀರೆ ಬಂದವು. ಅವನ್ನು ಮುಂದಿನ ಮದುವೆಗಳಿಗೆ ಕೊಟ್ಟುಬಿಡು, ಹಣ ಉಳಿಯುತ್ತದೆ ಎಂದು ನಾನು ಆಮೇಲೆ ಹೇಳಿದೆ. ಕೊಟ್ಟವರಿಗೆ ಗುರುತು ಸಿಗುತ್ತದೆ, ಆಗದು ಎಂದಳು. ಅವು ಟ್ರಂಕಿನಲ್ಲಿವೆ. ಮುಯ್ಯಿ ಹಣ ಫೋಟೋದವನಿಗೂ ವಾಹನಕ್ಕೂ ಸರಿಹೋಯಿತು. ಕೊನೆಗೆ ನನ್ನ ಎರಡನೆಯ ಅಂದಾಜಿಗೂ ನಿಜವಾದ ಖರ್ಚಿಗೂ ವ್ಯತ್ಯಾಸ ಹನ್ನೊಂದು ಸಾವಿರ ಹೆಚ್ಚು. ಅದನ್ನೂ ಕಾಲಿನಿಂದಲೇ ತೆಗೆದೆವು.

ಎಡಗಾಲಿನ ಆಪರೇಷನ್ ಮದುವೆಯಾದ ಎರಡು ತಿಂಗಳಿಗೆ ದಾವಣಗೆರೆಯಲ್ಲಿ ಆಯಿತು. ಹಿಂದಿನ ದಿನ ಸಂಜೆ ಮಗಳು ಅಳಿಯನ ಜೊತೆ ಬಂದು, ತಾಯಿಯ ರಕ್ತವನ್ನು ತಾನೇ ತೆಗೆದು ಪರೀಕ್ಷೆಗೆ ಒಯ್ದಳು. ಆಸ್ಪತ್ರೆಯಲ್ಲಿ ಐದು ದಿನ, ಆಮೇಲೆ ಆರು ವಾರ ನನ್ನ ಮನೆಯಲ್ಲಿ, ಯಾಕೆಂದರೆ ನನ್ನದು ನೆಲಮಹಡಿ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಐದಕ್ಕೆ ವ್ಯಾಯಾಮ. ಹತ್ತು ಸಲ ಮಡಿಸಬೇಕು ಎಂದರೆ ಏಳಕ್ಕೆ ನಿಲ್ಲಿಸಿ ಹತ್ತಾಯಿತು ಎನ್ನುತ್ತಿದ್ದಳು. ನಾನು ಎಣಿಸುತ್ತಿದ್ದೆ. ಕೊಂಡಜ್ಜಿಯಿಂದ ಇಬ್ಬರು ನೋಡಲು ಬಂದರು, ಬೇರೆ ಬೇರೆ ದಿನ. ಬಾತಿಯಿಂದ ಒಬ್ಬಳು ಬಂದು ಮೂರು ದಿನ ಇದ್ದು ರೊಟ್ಟಿ ಮಾಡಿಕೊಟ್ಟಳು. ಉಳಿದವರು ಫೋನು ಮಾಡಿದರು. ಕೆಲವರು ಅದನ್ನೂ ಮಾಡಲಿಲ್ಲ. ನೂರಾ ಹದಿನೆಂಟರಲ್ಲಿ ಎಷ್ಟು ಎಂದು ಎಣಿಸಬಾರದೆಂದುಕೊಂಡರೂ ಎಣಿಸಿದ್ದೆ. ತಂಗಿಗೆ ಹೇಳಲಿಲ್ಲ.

ಕಳೆದ ವಾರ ತಂಗಿ ಹರಿಹರದಿಂದ ಬಂದಳು, ಡಾಕ್ಟರಿಗೆ ತೋರಿಸಲು ಹೋಗಿದ್ದೆವು. ಎಡಗಾಲು ಚೆನ್ನಾಗಿ ಕೂಡಿಕೊಂಡಿದೆ ಎಂದರು. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು, ಒಂದು ಮೆಟ್ಟಿಲಿಗೆ ಎರಡೂ ಕಾಲು. ಎಲ್ಲ ಭಾರ ಎಡಗಾಲಿನ ಮೇಲೆ ಹಾಕುತ್ತ ಹೋದರೆ ಸೊಂಟ ಹಿಡಿಯುತ್ತದೆ, ಬಲಗಾಲನ್ನೂ ಬೇಗ ಮಾಡಿಸಿ ಎಂದರು.

ಹೊರಗೆ ಬಂದು ಮೇಜಿನ ಹುಡುಗಿಯ ಮುಂದೆ ನಿಂತೆವು. ಅವಳು ಕಂಪ್ಯೂಟರಿನ ಕಡೆ ನೋಡಿಕೊಂಡು, "ಬಲಗಾಲಿಗೆ ಯಾವಾಗ ಬರ್ಕೊಳ್ಲಿ ಅಮ್ಮ?" ಎಂದಳು. ತಂಗಿ ನನ್ನ ಕಡೆ ನೋಡಿದಳು.

ಮೊದಲ ಕಾಲಿನಿಂದ ನಲವತ್ತು ಸಾವಿರ ಉಳಿದಿದೆ. ನನ್ನ ಪಿಂಚಣಿಯಿಂದ ತಿಂಗಳಿಗೆ ಆರು, ಮಗಳು ಬೇಡವೆಂದರೂ ಕೇಳದೆ ಕಳಿಸುವ ಮೂರು. ಆ ಲೆಕ್ಕ ನಾನು ಹಿಂದಿನ ದಿನವೇ ಹಾಕಿದ್ದೆ.

"ಇಪ್ಪತ್ತೊಂದು ತಿಂಗಳಿಗೆ," ಎಂದೆ.

ಹುಡುಗಿ ತಲೆಯೆತ್ತಿದಳು. "ಅಷ್ಟು ಮುಂದಿಂದು ಇದ್ರಾಗೆ ತಗೊಳ್ಳಲ್ರಿ. ಆವಾಗ ಫೋನ್ ಮಾಡ್ರಿ."

ಸರಿ ಎಂದು ಹೊರಟೆವು. ಬಸ್‌ಸ್ಟ್ಯಾಂಡಿನವರೆಗೆ ಆಟೋ ಮಾಡುತ್ತೇನೆಂದೆ, ನಡೆಯಬೇಕು ಎಂದಿದ್ದಾರೆ ಎಂದು ಅವಳು ಒಪ್ಪಲಿಲ್ಲ. ನಡುವೆ ಒಂದು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಎಡಗಾಲನ್ನು ಮಡಿಸಿದಳು, ಬಲಗಾಲನ್ನು ಉದ್ದಕ್ಕೆ ಚಾಚಿ ಎರಡೂ ಕೈಯಿಂದ ಹಿಡಿದುಕೊಂಡಳು.

"ಇಪ್ಪತ್ತೊಂದು ತಿಂಗಳು ಏನು, ಹಂಗನ್ನೋದ್ರಾಗೆ ಹೋಗ್ತಾವೆ," ಎಂದಳು. "ನಡುವೆ ಎಷ್ಟು ಮದ್ವಿ ಬರ್ತಾವೋ ಅದೇ ನೋಡು."

"ಎಷ್ಟು ಐದಾವೆ?"

"ನಾಲ್ಕು ಗೊತ್ತಾಗೈತೆ. ಎಲ್ಲಾ ನಮ್ಮ ಆಯೇರಿ ತಗೊಂಡ ಮನೀವೇ."

ಅವುಗಳಿಗೆ ಎಷ್ಟು ಎಂದು ಲೆಕ್ಕ ಹಾಕಲು ಚೀಲಕ್ಕೆ ಕೈಹಾಕಿದೆ. ಆಮೇಲೆ ಬೇಡವೆನ್ನಿಸಿತು. ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ನಾನೂ ಕೂತೆ. ಹನ್ನೊಂದೂವರೆಯ ಹರಿಹರದ ಬಸ್ಸು ತಪ್ಪುತ್ತದೆ ಎಂದು ಗೊತ್ತಿತ್ತು. ಹನ್ನೆರಡಕ್ಕೆ ಇನ್ನೊಂದಿದೆ.